ತಿಕೋಟಾದ ಶೆಡ್ಡಿನಲ್ಲಿ ನಾನು ಮಾಡದ ಕೆಲಸ

ಹೋದ ವಾರ ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಹೊರಟಿದ್ದೆ. ತೊರವಿ ದಾಟಿ ತಿಕೋಟಾ ಹತ್ತಿರವಾಗುತ್ತಿದ್ದಂತೆ ತೆರೆದ ಕಿಟಕಿಯಿಂದ ಗಂಧಕದ ಹೊಗೆಯ ವಾಸನೆ ಒಳಗೆ ಬಂತು. ಮಾರ್ಚ್ ತಿಂಗಳು. ರಸ್ತೆಯ ಎರಡೂ ಕಡೆ ಒಣದ್ರಾಕ್ಷಿಯ ಶೆಡ್ಡುಗಳು ಹಸಿರು ಪರದೆ ಕಟ್ಟಿಕೊಂಡು ನಿಂತಿದ್ದವು. ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಬೆರಳ ಸಂದುಗಳು ಉರಿಯತೊಡಗಿದವು. ದ್ರಾಕ್ಷಿ ಗೊನೆಗಳನ್ನು ಎಣ್ಣೆ ಮತ್ತು ಕ್ಷಾರ ಕಲಸಿದ ನೀರಿನಲ್ಲಿ ದಿನವಿಡೀ ಅದ್ದಿ ಚರ್ಮ ಬಿರಿದವರಿಗೆ ಆಗುವ ಉರಿ ಅದು. ಅದರ ಬಗ್ಗೆ ನಾನು ಚೆನ್ನಾಗಿ ಮಾತನಾಡಬಲ್ಲೆ. ನಮ್ಮ ಕಂಪನಿಗೆ ಹೊಸದಾಗಿ ಸೇರುವವರ ಮುಂದೆ ಪ್ರತಿವರ್ಷ ಅದನ್ನು ವರ್ಣಿಸುತ್ತೇನೆ. ಮದುವೆಗೆ ಮುಂಚೆ ಹೆಂಡತಿಗೂ ಹೇಳಿದ್ದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದ್ದಳು.

ತೊಂದರೆ ಏನೆಂದರೆ, ನಾನು ಆ ಕೆಲಸ ಮಾಡಿದ್ದೆನೇ ಎಂಬುದೇ ನನಗೆ ಗೊತ್ತಿಲ್ಲ.

ಸೋದರಮಾವ ಶಂಕರಮಾಮಾ ತನ್ನ ಶೆಡ್ಡಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಒಣದ್ರಾಕ್ಷಿಗೆ ಹೊಸ ಪ್ಯಾಕೆಟ್ಟು ಮಾಡಿಸಬೇಕು, ನೀ ಎಂಬಿಎ ಓದಿದಾಂವ, ಬಂದು ನೋಡು ಎಂದು ಕರೆಸಿದ್ದ. ಪ್ಯಾಕೆಟ್ಟಿನ ಮಾತು ಮುಗಿದು ಚಹಾ ಬಂದ ಮೇಲೆ ಕೇಳಿಯೇ ಬಿಟ್ಟೆ.

"ಮಾಮಾ, ನಾ ಕಾಲೇಜಿನ್ಯಾಗ ಇದ್ದಾಗ ಇಲ್ಲಿ ಎಷ್ಟು ದಿನ ಕೆಲಸ ಮಾಡೇನಿ?"

"ಯಾವ ಕೆಲಸ?"

"ಗೊನಿ ಅದ್ದೋದು, ಒಣಗಾಕ ಜಾಳಗಿ ಮ್ಯಾಲ ಹರಡೋದು."

ಮಾಮಾ ನಕ್ಕ ರಭಸಕ್ಕೆ ಚಹಾ ತುಳುಕಿತು. "ನೀ? ಗಾಡಿ ಮ್ಯಾಲ ಬರಾಂವ, ಆಯ್ದ ಆಯ್ದ ಹಣ್ಣ ತಿನ್ನಾಂವ, ನಮ್ಮ ಮನ್ಯಾಗ ರೊಟ್ಟಿ ಉಂಡು ಮಲಗಾಂವ. ಅದನ್ನ ಕೆಲಸ ಅಂತ ಹಿಡದ್ರ ಮೂರು ಸೀಸನ್ ಮಾಡೀಪಾ."

"ಮತ್ತ ಮೂರು ಸೀಸನ್ ಸೂಪರ್‌ವೈಸರ್ ಇದ್ದ ಅಂತ ನೀನ ಬರದು ಕೊಟ್ಟಿದ್ದೆಲ್ಲ?"

"ನಿಮ್ಮವ್ವ ಬರಿಸ್ಕೊಂಡ್ಲು. ತಂಗಿ ಮಾತು ತಗದ್ ಹಾಕಾಕ ಬರ್ತೈತೇನು?"

ಮಾಮಾನ ನೆನಪೂ ಪುರಾವೆಯಲ್ಲ. ಅವನು ಹೋದ ವರ್ಷದ ಮಳೆಯನ್ನೇ ಎರಡು ತಿಂಗಳು ಹಿಂದೆ ಮುಂದೆ ಮಾಡಿ ಹೇಳುತ್ತಾನೆ. ಆದರೆ ಈ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ಆಗಬೇಕಾದ್ದೇನೂ ಇಲ್ಲ. ನನಗೆ ಇದೆ. ಹೀಗಾಗಿ ಎಂಟು ವರ್ಷದ ಹಿಂದಿನ ಆ ಒಂದು ವರ್ಷವನ್ನು, ನನ್ನ ಪರವಾಗಿ ನಾನೇ ವಾದಿಸದೆ, ತಿಳಿದಷ್ಟು ಬರೆಯಲು ನೋಡುತ್ತೇನೆ.

ಆ ಜೂನ್‌ನಲ್ಲಿ ಬಿ.ಕಾಂ. ಫಲಿತಾಂಶ ಬಂದಾಗ ನನಗೆ ಶೇಕಡ ಐವತ್ತೊಂದು. ವಿಜಯಪುರದಲ್ಲಿ ಅಪ್ಪನ ಗೊಬ್ಬರ ಮತ್ತು ಔಷಧದ ಅಂಗಡಿ ಇತ್ತು. ಒಂದು ವಾರ ಅಪ್ಪ ಬಂದ ಗಿರಾಕಿಗಳಿಗೆಲ್ಲ ನನ್ನನ್ನು ತೋರಿಸಿ ಹೇಳಿದ: "ಐವತ್ತೊಂದ್ ಮಾಡ್ಯಾನ ನೋಡ್ರಿ. ಐವತ್ತು ದೇವರು ಕೊಟ್ಟಾನ, ಒಂದು ಇಂವಾ ದುಡದಾನ." ಗಿರಾಕಿಗಳು ನಗುತ್ತಿದ್ದರು. ನಾನು ಯೂರಿಯಾ ಚೀಲ ಎಣಿಸುವವನಂತೆ ಒಳಗೆ ಹೋಗುತ್ತಿದ್ದೆ. ಆ ಅಂಗಡಿಯಿಂದ ತಪ್ಪಿಸಿಕೊಳ್ಳಲು ನನಗೆ ಕಂಡ ದಾರಿ ಮ್ಯಾನೇಜ್‌ಮೆಂಟ್ ಕಾಲೇಜು. ಪುಣೆಯ ಒಂದು ಕಾಲೇಜು ಐವತ್ತರ ಮೇಲಿದ್ದ ಯಾರ ಅರ್ಜಿಯನ್ನಾದರೂ ತೆಗೆದುಕೊಳ್ಳುತ್ತಿತ್ತು. ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ.

ನನ್ನ ಜೊತೆ ಅದಕ್ಕೆ ತಯಾರಾದವನು ಮಿಲಿಂದ. ನಮ್ಮದೇ ತರಗತಿ, ಊರು ಬಬಲೇಶ್ವರ, ಅವನಿಗೆ ಐವತ್ತಮೂರು. ಅವನ ಅವ್ವ ಶಾಂತಾಬಾಯಿ ದ್ರಾಕ್ಷಿ ಗ್ಯಾಂಗಿನಲ್ಲಿ ಕೂಲಿ ಮಾಡುತ್ತಿದ್ದಳು, ರಜೆ ಇರಲಿ ಬಿಡಲಿ ಅವನೂ ಹೋಗುತ್ತಿದ್ದ. ಅಕ್ಟೋಬರಿನಲ್ಲಿ ಹೊನವಾಡದ ತೋಟಗಳಲ್ಲಿ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ. ಫೆಬ್ರುವರಿಯಿಂದ ತಿಕೋಟಾದ ಶೆಡ್ಡುಗಳು, ಅದರಲ್ಲೂ ಹೆಚ್ಚಾಗಿ ನಮ್ಮ ಶಂಕರಮಾಮಾನ ಶೆಡ್ಡು. ನಮ್ಮ ಪರೀಕ್ಷೆಗಳು ಸರಿಯಾಗಿ ಅದೇ ತಿಂಗಳುಗಳಲ್ಲಿ ಬರುತ್ತಿದ್ದವು. ನನ್ನ ಅಂಕಕ್ಕೆ ಕಾರಣ ಇರಲಿಲ್ಲ. ಮಧ್ಯಾಹ್ನ ನಿದ್ದೆ ಮಾಡುತ್ತಿದ್ದೆ, ಸಂಜೆ ಕ್ಯಾಂಟೀನಿನಲ್ಲಿ ಕೂಡುತ್ತಿದ್ದೆ, ಅಷ್ಟೇ.

ಆ ಅಕ್ಟೋಬರಿನಿಂದ ವಾರಕ್ಕೆ ಮೂರು ದಿನ ಮಿಲಿಂದ ಬೆಳಗಿನ ಬಸ್ಸಿಗೆ ವಿಜಯಪುರಕ್ಕೆ ಬರುತ್ತಿದ್ದ. ಗ್ರಂಥಾಲಯದ ಹಿಂದೆ ಬೇವಿನ ಮರದ ಕೆಳಗೆ ಒಂದು ಸಿಮೆಂಟಿನ ಕಟ್ಟೆ ಇತ್ತು. ಅಲ್ಲಿ ಕೂತು ನನಗೆ ಗಣಿತ ಹೇಳಿಕೊಡುತ್ತಿದ್ದ. ಅವನ ಅಂಗೈಯಲ್ಲಿ ಕತ್ತರಿಯ ಗುಳ್ಳೆ ಇದ್ದವು, ಪೆನ್ಸಿಲನ್ನು ತುದಿಬೆರಳಿನಲ್ಲಿ ಹಿಡಿಯುತ್ತಿದ್ದ.

"ಬಸ್ಯಾ, ಪೂರಾ ಲೆಕ್ಕ ಬಿಡಸಬ್ಯಾಡ. ನಾಕು ಉತ್ತರ ಕೊಟ್ಟಾರಿಲ್ಲೋ, ಒಂದೊಂದ ಹಾಕಿ ನೋಡು."

"ಯಾವುದೂ ಕೂಡವಲ್ದಲೇ."

"ನಿಮ್ಮಪ್ಪ ನಿನ್ನ ಅಂಗಡ್ಯಾಗ ಕೂಡ್ರಿಸಿದ್ರ ಇಷ್ಟೊತ್ತಿಗೆ ಅಂಗಡಿ ಮುಳಗಿ ಮ್ಯಾಲೆ ಮೀನ ಆಡತಿದ್ವು."

ಪರೀಕ್ಷೆಯಲ್ಲಿ ಅವನಿಗೆ ನನಗಿಂತ ಬಹಳ ಹೆಚ್ಚು ಬಂತು. ನನಗೂ ಸಂದರ್ಶನಕ್ಕೆ ಸಾಕಾಗುವಷ್ಟು ಬಂತು. ಜನವರಿಯಲ್ಲಿ ಅರ್ಜಿ ತುಂಬಲು ಕೂತಾಗ ಅದರಲ್ಲಿ ಒಂದು ಕಲಂ ಇತ್ತು: ಪದವಿಯಲ್ಲಿ ಅಂಕ ಕಡಿಮೆ ಬಂದವರು ಅದಕ್ಕೆ ಕಾರಣವನ್ನು ಒಂದು ಪುಟದಲ್ಲಿ ಬರೆಯಬಹುದು. ಬರೆಯಬಹುದು ಎಂದಿತ್ತು, ಆದರೆ ಬರೆಯದಿದ್ದರೆ ಕರೆಯುವುದಿಲ್ಲ ಎಂದು ನಮಗೆ ಹಿರಿಯ ವಿದ್ಯಾರ್ಥಿಯೊಬ್ಬ ಹೇಳಿದ್ದ. ನಾನು ಮೊದಲು ಟೈಫಾಯಿಡ್ ಎಂದು ಬರೆದೆ. ಗುರುತಿನ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಡು ಎಂದು ಅಪ್ಪನಿಗೆ ಕೇಳಿದೆ.

"ಯಾವ ಜ್ವರಾನೋ? ಮೂರು ವರ್ಷದಾಗ ನೀ ಸೀನಿದ್ದು ಸೈತ ನಾ ಕಂಡಿಲ್ಲ. ಜಡ್ಡ ಬೀಳಾಕೂ ಒಂದು ಮೈ ಬಗ್ಗಬೇಕಾಗತೈತಿ."

ಟೈಫಾಯಿಡ್ ಅಲ್ಲಿಗೆ ಮುಗಿಯಿತು. ಮಿಲಿಂದನದನ್ನು ಬರೆಯುವುದೂ ನನ್ನ ಪಾಲಿಗೇ ಇತ್ತು, ಯಾಕೆಂದರೆ ನಾನು ಇಂಗ್ಲಿಷ್ ಮಾಧ್ಯಮದವನು. ಅವನು ಕಟ್ಟೆಯ ಮೇಲೆ ಕೂತು ಹೇಳುತ್ತ ಹೋದ, ನಾನು ಬರೆದುಕೊಂಡೆ. ಎರಡನೇ ವರ್ಷ ಪರೀಕ್ಷೆ ಏಪ್ರಿಲ್‌ಗೇ ಬಂದಿತ್ತು. ಕಾಸ್ಟಿಂಗ್ ಪೇಪರಿನ ಹಿಂದಿನ ದಿನ ಸಂಜೆ ಹೊನವಾಡದ ಕಡೆಯಿಂದ ಮೋಡ ಎದ್ದು ಗಾಳಿ ಬಂತು. ಹದಿನೈದು ದಿನ ಒಣಗಿದ ಹಣ್ಣು ಜಾಳಿಗೆಗಳ ಮೇಲಿತ್ತು. ನೆನೆದರೆ ಎಲ್ಲ ಕಪ್ಪಾಗುತ್ತದೆ. ಇಡೀ ಗ್ಯಾಂಗು ಶೆಡ್ಡಿನ ಸುತ್ತ ಮಳೆ ತಡೆಯುವ ತಾಡಪತ್ರಿ ಕಟ್ಟಲು ಓಡಿತು. ಒಂದು ತುದಿಯ ಹಗ್ಗ ಇವನ ಕೈಯಲ್ಲಿ. ಗಾಳಿಗೆ ತಾಡಪತ್ರಿ ಮೇಲೆದ್ದಾಗ ಇವನೂ ನೆಲದಿಂದ ಎದ್ದ, ಹಗ್ಗ ಬಿಡಲಿಲ್ಲ. ಅದ್ದುವ ನೀರಿನಿಂದ ಮೊದಲೇ ಬಿರಿದಿದ್ದ ಬೆರಳುಗಳ ಚರ್ಮ ಹಗ್ಗಕ್ಕೆ ಅಂಟಿಕೊಂಡು ಹೋಯಿತು. ಮರುದಿನ ಪೆನ್ನು ಹಿಡಿಯಲಾಗಲಿಲ್ಲ. ಮೂರು ತಾಸಿನಲ್ಲಿ ಎರಡೂವರೆ ಉತ್ತರ ಬರೆದ.

"ಮಳಿ ಬಂತೇನು?" ಎಂದು ಕೇಳಿದೆ.

"ಇಲ್ಲೋ. ನಾಕು ಹನಿ ಉದುರಿಸಿ ಹೋತು. ನಿಮ್ಮ ಮಾಮಾ ಅಂದಾ, ಸುಮ್ಮನ ಮಂದೀನ ಕರಿಸಿದ್ನಿ ಅಂತ."

ಆ ಪುಟವನ್ನು ನಾನು ಒಂದೇ ಏಟಿಗೆ ಬರೆದೆ. ಅಷ್ಟು ಚೆನ್ನಾಗಿ ಆಮೇಲೆ ಏನನ್ನೂ ಬರೆದಿಲ್ಲ. ಮಿಲಿಂದ ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಓದಿದ. "ಇದು ನಂದೇನಲೇ? ನಂದಂಗ ಕಾಣವಲ್ದು," ಎಂದ. ಆಮೇಲೆ ಒಂದು ಪದದ ಮೇಲೆ ಬೆರಳು ನಿಲ್ಲಿಸಿದ. ಕೂಲಿ ಎಂಬ ಅರ್ಥದ ಪದ.

ಅದು ಬೇಡ ಎಂದು ಮೊದಲು ಹೇಳಿದ್ದು ಯಾರು? ಅವನೇ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಈಗ ಅದೇ ದೃಶ್ಯವನ್ನು ಮತ್ತೆ ಮತ್ತೆ ನೋಡಿದರೆ ಅವನ ಬೆರಳು ನಿಂತದ್ದಷ್ಟೇ ಕಾಣುತ್ತದೆ. ಕೇಳುವುದೆಲ್ಲ ನನ್ನ ದನಿ.

"ಮಿಲ್ಯಾ, ಒಂದು ಹೇಳ್ಲೇನು? ಇದನ್ನ ಓದಿದ್ರ ಅವರಿಗೆ ನೀ ಕೂಲಿಯಂವ ಅಂತ ಕಾಣತಿ. ಮ್ಯಾನೇಜರ್ ಆಗಾಂವ ಅಂತ ಕಾಣಂಗಿಲ್ಲ."

"ಖರೇನ ಐತೆಲ್ಲೋ ಇದು."

"ಖರೇ ಇದ್ರ? ಮುಂಜಾನಿ ಸಂಡಾಸಕ್ಕ ಹೋಗೋದೂ ಖರೇ. ಬರೀತಾರೇನು ಅರ್ಜ್ಯಾಗ?"

ಅವನು ನಕ್ಕ. ನಗಬಾರದಿತ್ತು. ನಗದಿದ್ದರೆ ನಾನು ಅಲ್ಲಿಗೇ ನಿಲ್ಲುತ್ತಿದ್ದೆನೋ ಏನೋ. ಹೀಗೆ ಬರೆಯುವಾಗಲೂ ಅವನ ಮೇಲೆ ಹಾಕುತ್ತಿದ್ದೇನೆ ನೋಡಿ.

"ಹಂಗಾರ ಏನ್ ಬರಿಯೂದು?"

"ಮನ್ಯಾಗ ತೊಂದರಿ ಇತ್ತು ಅಂತ ಬರಿಯೂಣು. ದೊಡ್ಡ ಮಂದಿ ಎಲ್ಲಾ ಹಂಗ ಬರೀತಾರ."

ಅವನಿಗಾಗಿ ನಾಲ್ಕು ಸಾಲು ಬರೆದೆ. ಮನೆಯ ಕೆಲವು ಸಮಸ್ಯೆಗಳಿಂದಾಗಿ ಓದಿನ ಕಡೆ ಪೂರ್ಣ ಗಮನ ಕೊಡಲಾಗಲಿಲ್ಲ, ಇತ್ಯಾದಿ. ಮೊದಲಿನ ಪುಟ ನನ್ನ ಬ್ಯಾಗಿನಲ್ಲೇ ಉಳಿಯಿತು. ಅರ್ಜಿ ಕಳಿಸಲು ಎರಡು ದಿನ ಇರುವಾಗ ಅದನ್ನು ಹೊರಗೆ ತೆಗೆದೆ. ಅವ್ವ ಎಂದಿದ್ದಲ್ಲಿ ಮಾವ ಎಂದು ಹಾಕಿದೆ. ಕೂಲಿ ಎಂದಿದ್ದಲ್ಲಿ ಕುಟುಂಬದ ತೋಟ ಎಂದು ಹಾಕಿದೆ. ಹಗ್ಗ, ತಾಡಪತ್ರಿ, ಬಿರಿದ ಬೆರಳು, ಎರಡೂವರೆ ಉತ್ತರ ಹಾಗೆಯೇ ಉಳಿದವು. ಕೂಲಿ ತೆಗೆದ ಕೂಡಲೇ ಅದೇ ಕಥೆ ಎಷ್ಟು ಘನವಾಗಿ ಕಂಡಿತು ಎಂದರೆ, ನಾನೇ ಬೆರಗಾದೆ.

ಫೆಬ್ರುವರಿಯಲ್ಲಿ ಇಬ್ಬರಿಗೂ ಕರೆ ಬಂತು. ಕೆಲಸದ ಅನುಭವ ಇದ್ದವರು ಅದಕ್ಕೊಂದು ಪತ್ರ ತರಬೇಕು ಎಂದಿತ್ತು. ಮಿಲಿಂದನಿಗೆ ಆಸೆಯಾಯಿತು. ನಾಲ್ಕು ವರ್ಷ ದುಡಿದಿದ್ದೇನೆ, ಯಾರಾದರೂ ಒಂದು ಸಾಲು ಬರೆದುಕೊಟ್ಟರೆ ಸಾಕು ಎಂದ. ಅವನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಮಾಮಾನ ಶೆಡ್ಡಿಗೆ ಹೋದೆ. ಶೆಡ್ಡಿನಲ್ಲಿ ಕೆಲಸ ನಡೆದಿತ್ತು. ಗ್ಯಾಂಗಿನ ಹೆಂಗಸರು ಕ್ರೇಟುಗಳನ್ನು ಹೊತ್ತು ತರುತ್ತಿದ್ದರು. ಶಾಂತಾಬಾಯಿ ಅವರಲ್ಲಿ ಇದ್ದಳೋ ಇಲ್ಲವೋ ನಾನು ನೋಡಲಿಲ್ಲ.

"ನೀ ಬಬಲೇಶ್ವರದಾಗ ಯಾರ ಪೈಕಿ?" ಮಾಮಾ ಕೇಳಿದ.

"ಶಾಂತಾಬಾಯಿ ಮಗಾ ರೀ. ನಿಮ್ಮ ಶೆಡ್ಡಿಗೇ ಬರ್ತೀವ್ರಿ, ನಾಕು ವರ್ಷ ಆತು."

"ಇರಬೇಕು. ಮಂದಿ ಬರ್ತಾರ, ಹೋಗ್ತಾರ. ಹೆಸರು ನಾ ಇಟ್ಕೊಳ್ಳಂಗಿಲ್ಲ. ಮಂದಿ ಕರಕೊಂಡು ಬರೋ ಮುಕಾದಮನ ಹೆಸರಲೆ ಇಡೀ ಗ್ಯಾಂಗು. ಅಂವಗ ಕೇಳು."

"ಮುಕಾದಮಗ ಬರಿಯಾಕ ಬರಂಗಿಲ್ರಿ. ಹೆಬ್ಬೆಟ್ಟು."

"ಮತ್ತೇನು, ಹೆಬ್ಬೆಟ್ಟ ಒತ್ತಿಸ್ಕೊಂಡು ಹೋಗು. ಪುಣೆ ಮಂದಿ ಕಣ್ಣಿಗೆ ಒತ್ತಿಕೊಂಡು ಸೀಟ್ ಕೊಡ್ತಾರ."

ನಾನೂ ನಕ್ಕೆ. ಇದು ಖಚಿತವಾಗಿ ನೆನಪಿದೆ. ನನಗೆ ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಅವನಿಗೆ ಕಾಗದದ ಕಪ್ಪಿನಲ್ಲಿ. ಮಾಮಾ ಎದ್ದು ಒಣಗುತ್ತಿದ್ದ ಹಣ್ಣು ನೋಡಲು ಹೋದ, ನಾವೂ ಹಿಂದೆ ಹೋದೆವು. ಜಾಳಿಗೆಯಿಂದ ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ ಬಿಗಿಯಾಗಿ ಒತ್ತಿದ. ಆಮೇಲೆ ಬೆರಳು ಬಿಚ್ಚಿದ. ಹಣ್ಣುಗಳು ಒಂದಕ್ಕೊಂದು ಅಂಟದೆ ತಾವಾಗಿಯೇ ಬಿಡಿಬಿಡಿಯಾದವು. ಹೀಗಾದರೆ ಒಣಗಿದೆ ಎಂದು ಅರ್ಥ, ಮುದ್ದೆಯಾಗಿ ಉಳಿದರೆ ಇನ್ನೂ ಎರಡು ದಿನ ಎಂದು ನನಗೆ ವಿವರಿಸಿದ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಿಲಿಂದನೂ ಒಂದು ಹಿಡಿ ತೆಗೆಯಲು ಕೈ ಚಾಚಿದ.

"ಏ, ಕೈ ಹಚ್ಚಬ್ಯಾಡ. ಒಣಗಿದ ಮಾಲಿಗೆ ಗ್ಯಾಂಗಿನವರು ಕೈ ಹಾಕಂಗಿಲ್ಲ, ಗೊತ್ತಿಲ್ಲೇನು? ಒಣಗೈತೋ ಇಲ್ಲೋ ಮಾಲಕ ನೋಡ್ತಾನ."

"ಗೊತ್ತೈತ್ರಿ," ಎಂದ ಮಿಲಿಂದ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಕೈಗೆ ಏನೂ ಅಂಟಿರಲಿಲ್ಲ. ನಾನು ಒಂದು ಹಿಡಿ ತೆಗೆದು ಒತ್ತಿ ಬಿಚ್ಚಿ ನೋಡಿದೆ, ಆಮೇಲೆ ತಿಂದೆ. ಮೂರು ದಿನದ ಮೇಲೆ ನನ್ನ ಪತ್ರ ಬಂತು, ಮಾಮಾನ ಸಹಿ, ದುಂಡನೆಯ ಶಿಕ್ಕಾ.

ಸಂದರ್ಶನ ಮಾರ್ಚಿನಲ್ಲಿ. ಇಬ್ಬರೂ ಸೊಲ್ಲಾಪುರದ ತನಕ ಬಸ್ಸು, ಅಲ್ಲಿಂದ ರೈಲು. ಮಿಲಿಂದ ಹೊಸ ಅಂಗಿ ಹಾಕಿದ್ದ, ಪ್ಯಾಕೆಟ್ಟಿನ ಮಡಿಕೆಗಳು ಎದೆಯ ಮೇಲೆ ಹಾಗೆಯೇ ಇದ್ದವು. ದಾರಿಯುದ್ದಕ್ಕೂ ಅವನು ನನಗೆ ಶೇಕಡಾವಾರು ಲೆಕ್ಕ ಕೇಳುತ್ತಿದ್ದ. ಒಳಗೆ ಕೇಳಿದರೆ ತೊದಲಬೇಡ ಎನ್ನುತ್ತಿದ್ದ.

ಮೊದಲು ನನ್ನ ಹೆಸರು ಕರೆದರು. ಒಳಗೆ ಮೂವರಿದ್ದರು. ಅವರಲ್ಲಿ ಒಬ್ಬ ಹೆಂಗಸು, ತಲೆಗೂದಲು ಅರ್ಧ ಬೆಳ್ಳಗಾಗಿದ್ದವರು, ನನ್ನ ಪುಟವನ್ನು ಕೈಯಲ್ಲಿ ಹಿಡಿದಿದ್ದರು. ತಮ್ಮ ತವರೂ ದ್ರಾಕ್ಷಿಯ ಸೀಮೆ, ಮಹಾರಾಷ್ಟ್ರದ ಕಡೆ ಎಂದರು. ಹಾಗಾದರೆ ಹೇಳು, ಹಣ್ಣು ಪೂರ್ತಿ ಒಣಗಿದೆ ಎಂದು ನಿನಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ಬರಿಗೈ ಮುಂದೆ ಚಾಚಿ ಮುಷ್ಟಿ ಕಟ್ಟಿ ಒತ್ತಿ, ನಿಧಾನ ಬಿಚ್ಚಿದೆ. ಅವರ ಮುಖ ಅರಳಿತು. ತಮ್ಮ ಅಪ್ಪ ಹೀಗೆಯೇ ನೋಡುತ್ತಿದ್ದರು ಎಂದು ಉಳಿದಿಬ್ಬರಿಗೆ ಹೇಳಿದರು. ಅಂಕಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಹೊರಗೆ ಬಂದೆ. ಮಿಲಿಂದ ಎದ್ದು ನಿಂತ. "ಏನ್ ಕೇಳಿದ್ರೋ?"

ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲೇ ಅವನ ಹೆಸರು ಕರೆದರು, ಅವನು ಓಡಿದ. ಇನ್ನೊಂದರಲ್ಲಿ ನಾನು "ಏನಿಲ್ಲಪಾ, ಊರು ಕೇರಿ ಕೇಳಿದ್ರು" ಎಂದೆ. ಮೊದಲನೆಯದನ್ನೇ ಬಹಳ ಕಾಲ ಇಟ್ಟುಕೊಂಡಿದ್ದೆ. ಆದರೆ ಅದರಲ್ಲಿ ಒಂದು ತೊಡಕಿದೆ. ನಾನು ಹೊರಗೆ ಬಂದ ಮೇಲೆ ಒಬ್ಬ ಸಿಪಾಯಿ ಮೂರು ಕಪ್ಪು ಚಹಾ ಇಟ್ಟ ತಟ್ಟೆ ಹಿಡಿದು ಒಳಗೆ ಹೋದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ, ಸ್ವಲ್ಪ ಹೊತ್ತಿಗೆ ಖಾಲಿ ಕಪ್ಪುಗಳೊಂದಿಗೆ ಹೊರಬಂದದ್ದೂ ಇದೆ. ಹತ್ತು ನಿಮಿಷವಾದರೂ ಆಗಿರಬೇಕು. ಅಷ್ಟು ಹೊತ್ತು ನಾವಿಬ್ಬರೂ ಅದೇ ಬೆಂಚಿನ ಮೇಲೆ ಕೂತಿದ್ದೆವು. ಒಂದು ಮುಷ್ಟಿ ಕಟ್ಟಿ ಬಿಚ್ಚಿ ತೋರಿಸಲು ಎಷ್ಟು ಹೊತ್ತು ಬೇಕು?

ಅವನ ಸಂದರ್ಶನದಲ್ಲಿ ಏನಾಯಿತೆಂದು ತಿಳಿದದ್ದು ಮರುದಿನ, ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ಬಸ್ಸಿನಲ್ಲಿ. ಅಲ್ಲಿಯ ತನಕ ಅವನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಸೀಟಿನ ರೆಕ್ಸಿನ್ನು ಕಾದಿತ್ತು.

"ಮನಿ ತೊಂದರಿ ಅಂದ್ರ ಏನು ಅಂತ ಕೇಳಿದ್ರು," ಎಂದ ಮಿಲಿಂದ. "ಏನ್ ಹೇಳ್ಲಿ? ತಿಕೋಟಾದಾಗ ಶೆಡ್ಡಿನ ಕೆಲಸಕ್ಕ ಹೋಗತಿದ್ನಿ ಅಂದೆ. ಒಬ್ರ ಮಾರಿ ಒಬ್ರು ನೋಡಿದ್ರು. ಒಣಗೈತಿ ಅಂತ ಹೆಂಗ ಗೊತ್ತಾಗತೈತಿ ಅಂತ ಆ ಬಾಯಾರು ಕೇಳಿದ್ರು. ಮಾಲಕ ಹೇಳ್ತಾನ್ರಿ ಅಂದೆ."

"ಅದಕ್ಕ?"

"ನಕ್ರು. ಪತ್ರ ಐತೇನು ಅಂದ್ರು, ಇಲ್ಲ ಅಂದೆ. ಆಮ್ಯಾಲ ಒಬ್ಬಾಂವ ಕೇಳಿದ, ಬಾಗಲಾ ಹಿಂದ ನಿಂತು ಮೊದಲಿನ ಹುಡುಗ ಹೇಳಿದ್ದನ್ನ ಕೇಳಿಸ್ಕೊಂಡು ಬಂದಿಯೇನು ಅಂತ." ನನ್ನ ಕಡೆ ತಿರುಗಿ, "ನೀ ಒಳಗ ಏನ್ ಹೇಳಿದ್ದೆಲೇ?" ಎಂದ.

ನಾನು ಏನು ಉತ್ತರ ಕೊಟ್ಟೆ ಎಂಬುದು ನನಗೆ ನೆನಪಿಲ್ಲ. ನೆನಪಿರುವುದು ಆಮೇಲಿನದು. ಝಳಕಿಯಲ್ಲಿ ಬಸ್ಸು ನಿಂತಿದೆ, ಕಿಟಕಿಯ ಹೊರಗೆ ಕಲ್ಲಂಗಡಿ ಮಾರುವವರು, ಒಂದು ಕೈ ಒಂದು ಹೆಗಲ ಮೇಲಿದೆ, ಮತ್ತು ಈ ಮಾತು: "ಹೋಗ್ಲಿ ಬಿಡೋ. ಇಬ್ರಾಗ ಒಬ್ರಿಗರ ಆದ್ರ ಸಾಕು." ಮಿಲಿಂದ ಹೀಗೆ ಅಂದ. ಎಂಟು ವರ್ಷ ನಾನು ಈ ಮಾತಿನ ಮೇಲೆ ನಿಂತಿದ್ದೇನೆ. ಅವನಿಗೆ ತಿಳಿದಿತ್ತು, ತಿಳಿದೂ ಬಿಟ್ಟುಕೊಟ್ಟ, ದೊಡ್ಡ ಮನಸ್ಸಿನವನು. ಪುಣೆಯಲ್ಲಿ ಮೊದಲ ವಾರವೇ ನನ್ನನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ ತಾಡಪತ್ರಿಯ ಕಥೆ ಹೇಳಿಸಿದಾಗ ನಾನು ತೊದಲಲಿಲ್ಲ. ಅದಕ್ಕೂ ಕಾರಣ ಈ ಮಾತೇ.

ಏಪ್ರಿಲ್‌ನಲ್ಲಿ ನನಗೆ ಸೀಟು ಸಿಕ್ಕಿತು. ಅಪ್ಪ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಅವರಿಗೇನಾಗೇತೋ, ನಿನ್ನ ತಗೊಂಡಾರಲ್ಲ," ಎಂದ. ಮಿಲಿಂದನಿಗೆ ಆಗಲಿಲ್ಲ. ನಾನು ಎರಡು ಸಲ ಫೋನ್ ಮಾಡಿದೆ ಅನಿಸುತ್ತದೆ. ಒಂದು ಸಲವೂ ಇರಬಹುದು. ಆಮೇಲೆ ಮಾಡಲಿಲ್ಲ.

ಹೋದ ವಾರ ಮಾಮಾನ ನಗು ಕೇಳಿದ ಮೇಲೆ ಆ ಮಾತೊಂದನ್ನಾದರೂ ಖಚಿತ ಮಾಡಿಕೊಳ್ಳಬೇಕು ಅನಿಸಿತು. ಬೆರಳ ಉರಿ ಸುಳ್ಳಾದರೆ ಆಗಲಿ. ಅವನು ಬಿಟ್ಟುಕೊಟ್ಟದ್ದು ನಿಜವಾಗಿದ್ದರೆ ಉಳಿದದ್ದನ್ನು ಹೇಗೋ ಹೊರಬಹುದು. ಮಿಲಿಂದ ಈಗ ಎಲ್ಲಿದ್ದಾನೆ ಎಂದು ಮಾಮಾನನ್ನು ಕೇಳಿದೆ.

"ಶಾಂತಾಬಾಯಿ ಮಗಾ? ಬಬಲೇಶ್ವರ ಬಸ್ ಸ್ಟ್ಯಾಂಡ್ ಎದುರಿಗೆ ಆನ್‌ಲೈನ್ ಅಂಗಡಿ ಇಟ್ಟಾನ. ಸುತ್ತಿನ ಹಳ್ಳಿ ಅರ್ಜಿ ಎಲ್ಲಾ ಅಂವನ ತುಂಬತಾನ. ನನ್ನ ಬೆಳಿ ವಿಮಾ ಅರ್ಜಿನೂ ಅಂವನ ಮಾಡಿದ್ದು. ಶ್ಯಾಣ್ಯಾ ಅದಾನ."

ಬಬಲೇಶ್ವರದಲ್ಲಿ ಅಂದು ಸಂತೆ. ಅಂಗಡಿಯೆಂದರೆ ಒಂದು ಕೋಣೆ, ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ, ಗೋಡೆಯ ಮೇಲೆ ಬುದ್ಧನ ಪಟ, ಬಾಗಿಲ ತನಕ ಜನ. ಮಿಲಿಂದ ದಪ್ಪಗಾಗಿದ್ದ, ಕನ್ನಡಕ ಬಂದಿತ್ತು. ಪಿಂಚಣಿಯ ಕಾಗದ ಹಿಡಿದ ಒಬ್ಬ ಮುದುಕಿಯ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿ ಒತ್ತಿ ನೋಡುತ್ತಿದ್ದ. ಗುರುತು ಮೂಡುತ್ತಿರಲಿಲ್ಲ.

"ಆಯಿ, ಹೆಬ್ಬೆಟ್ಟಿನ ಗೆರಿ ಎಲ್ಲಿ ಒತ್ತಿ ಇಟ್ಟು ಬಂದಿ?"

"ಹೋಗ ಮೂಳಾ. ನಿಮ್ಮವ್ವನ ಜೋಡಿ ಗೊನಿ ಅದ್ದೆದ್ದಿ ಸವದಾವ."

"ಆ ಬೆರಳ ಕೊಡು. ಅದು ಸವದಿದ್ರ ಕಾಲ ಬೆರಳ ಕೊಡು."

ಜನ ನಕ್ಕರು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ.

"ಬರ್ರಿ ಸರ್. ಕೂಡ್ರಿ."

ರೀ ಎಂದು ಅವನು ನನಗೆ ಎಂದೂ ಅಂದಿರಲಿಲ್ಲ. ಕೂತೆ. ಮುಕ್ಕಾಲು ತಾಸು ಕೂತೆ. ಅವನು ಸಾಲು ಬಿಟ್ಟು ನನ್ನನ್ನು ಕರೆಯಲಿಲ್ಲ. ನನ್ನ ಪಾಳಿ ಬಂದಾಗ ಅವನ ಎದುರಿನ ಸ್ಟೂಲಿನ ಮೇಲೆ ಹೋಗಿ ಕೂತು, ಆರಾಮ ಇದೀಯಾ ಎಂದು ಕೇಳಿ, ಅವ್ವನನ್ನು ವಿಚಾರಿಸಿ, ಆಮೇಲೆ ಬಂದ ವಿಷಯಕ್ಕೆ ಬಂದೆ. ಆ ಪುಟದ ಬಗ್ಗೆ ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವನು ತಡೆಯಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ.

"ಗೊತ್ತೈತ್ರಿ. ಒಳಗ ಹೋದಾಗ ಮೇಜಿನ ಮ್ಯಾಲ ಇತ್ತು. ನಿಮ್ಮ ಹೆಸರು ಮ್ಯಾಲ, ನನ್ನ ಹಗ್ಗ ಕೆಳಗ. ಉಲ್ಟಾ ಇತ್ತು, ಆದ್ರೂ ಓದಾಕ ಬಂತು."

"ಗೊತ್ತಿದ್ದೂ ನೀ ಬಸ್ಸಿನ್ಯಾಗ ಹೋಗ್ಲಿ ಬಿಡು ಅಂದಿ. ಇಬ್ರಾಗ ಒಬ್ರಿಗರ ಆದ್ರ ಸಾಕು ಅಂದಿ. ಅಂದಿದ್ದಿಲ್ಲೋ? ಅದನ್ನ ಕೇಳಾಕ ಬಂದೇನಿ."

ಮಿಲಿಂದ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದ.

"ಅದು ನಾ ಅಂದಿದ್ದಲ್ರಿ. ಒಳಗ ಏನ್ ಹೇಳಿದಿ ಅಂತ ನಾ ಕೇಳಿದ್ನೆಲ್ರಿ, ಅದಕ್ಕ ನೀವು ಕೊಟ್ಟ ಉತ್ತರ ಅದು. ನನ್ನ ಹೆಗಲ ಮ್ಯಾಲ ಕೈ ಇಟ್ಟು ಅಂದ್ರಿ. ಝಳಕ್ಯಾಗ."

ಎಂಟು ವರ್ಷದ ಹಿಂದಿನದು ಅವನಿಗೂ ತಪ್ಪಿರಬಹುದು. ಕೋಪ ಇದ್ದವನ ನೆನಪು ಅವನಿಗೆ ಬೇಕಾದಂತೆ ಬಾಗುತ್ತದೆ. ಯಾರ ಮಾತನ್ನಾದರೂ ಹೀಗೆ ಅನುಮಾನಿಸುವುದು ನನಗೆ ಅಭ್ಯಾಸ. ಅದನ್ನೇ ಮಾಡಲು ಹೋದೆ. ಆದರೆ ಆ ದೃಶ್ಯದಲ್ಲಿ ಹೆಗಲ ಮೇಲಿನ ಕೈಗೆ ಗಡಿಯಾರವಿತ್ತು. ಮಿಲಿಂದನಿಗೆ ಗಡಿಯಾರ ಇರಲಿಲ್ಲ.

"ನಿನಗ ಖರೇ ನೆನಪೈತೇನು?" ಎಂದೆ. ನನ್ನ ದನಿ ನನಗೇ ಬೇಡುವವನ ದನಿಯಂತೆ ಕೇಳಿಸಿತು.

ಅವನು ನನ್ನನ್ನು ತುಸು ಹೊತ್ತು ನೋಡಿದ. ಕೋಪ ಇರಲಿಲ್ಲ. ಬೆಳಗಿನಿಂದ ನೂರು ಜನರ ಮುಖ ನೋಡಿದ ಕಣ್ಣುಗಳು. ಆಮೇಲೆ ಕೀಬೋರ್ಡನ್ನು ಹತ್ತಿರ ಎಳೆದುಕೊಂಡ.

"ನಿಮಗ ಬೇಕಾಗಿದ್ರ ನಾ ಅಂದೇನಿ ಅಂತ ಬರದ ಕೊಡ್ತೀನ್ರಿ. ಸಹಿನೂ ಹಾಕ್ತೀನಿ. ಮಂದಿಗೆ ಬೇಕಾದ್ದು ಬರದ ಕೊಡೋದ ನನ್ನ ಕೆಲಸ. ಯಾರ ಹೆಸರಿಗೆ ಬರೀಲಿ, ಹೇಳ್ರಿ."

ಅಣಕವಿರಲಿಲ್ಲ. ಬೆರಳುಗಳನ್ನು ಕೀಲಿಗಳ ಮೇಲಿಟ್ಟು ನಿಜವಾಗಿಯೂ ಕಾಯುತ್ತಿದ್ದ. ನನ್ನ ಹಿಂದೆ ರೇಷನ್ ಕಾರ್ಡು ಹಿಡಿದು ನಿಂತಿದ್ದ ಹೆಂಗಸು ಬೆನ್ನಿಗೆ ಮೆಲ್ಲಗೆ ತಿವಿದಳು. "ಯಪ್ಪಾ, ನಿಂದ ಆಗಿದ್ರ ಏಳು. ನನ್ನ ಬಸ್ ಹೋಗತೈತಿ."

ಬೇಡ ಎಂದು ಹೇಳಿ ಎದ್ದೆನೋ, ಏನೂ ಹೇಳದೆ ಎದ್ದೆನೋ, ಎಂಟು ದಿನವಾಗಿಲ್ಲ, ಈಗಲೇ ಖಚಿತವಿಲ್ಲ. ಎದ್ದೇಳುವ ಮೊದಲು ಒಂದು ಕ್ಷಣ, ಬರೆಸಿಕೊಂಡೇ ಬಿಡಲೇ ಎಂದು ಯೋಚಿಸಿದ್ದು ಮಾತ್ರ ಖಚಿತ.